ಮೆಡಿಕಲ್ ಅಂಗಡಿಯ ಹಳೇ ತಪ್ಪು ಎಷ್ಟು ವರ್ಷ ಲೆಕ್ಕಕ್ಕೆ ಬರಬೇಕು?

ಔಷಧ ನಿಯಂತ್ರಣ ಅಧಿಕಾರಿಗಳಿಂದ ಮೆಡಿಕಲ್ ಅಂಗಡಿಗೆ ಬರುವ ಶೋಕಾಸ್ (ಕಾರಣ ಕೇಳುವ) ನೋಟಿಸಿನ ಕೊನೆಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: "ಸದರಿ ಸಂಸ್ಥೆಯು ಈ ಹಿಂದೆಯೂ ಇದೇ ರೀತಿಯ ಲೋಪಗಳನ್ನು ಎಸಗಿರುವುದು ಕಂಡುಬಂದಿರುತ್ತದೆ." ಮೂರು ದಿನದಲ್ಲಿ ಮುಗಿಯಬೇಕಾದ ಲೈಸೆನ್ಸ್ ಸಸ್ಪೆನ್ಷನ್ ಹದಿನೈದು ದಿನಕ್ಕೆ ಹೋಗುವುದು ಈ ಸಾಲಿನ ಬಲದಿಂದ. ಯಾವ ಹಿಂದೆ, ಯಾವ ತಾರೀಖು, ಯಾವ ಲೋಪ ಎಂದು ಬಿಡಿಸಿ ಬರೆದಿರುವುದು ಕಡಿಮೆ. ಮಾಲೀಕರೂ ಕೇಳುವುದಿಲ್ಲ. "ಹೋಗ್ಲಿ ಬಿಡ್ರಿ, ಕೇಳಿದ್ರ ಇನ್ನ ಜಾಸ್ತಿ ಮಾಡ್ತಾರ" ಅಂತ ಕಲಬುರಗಿಯಲ್ಲೂ ಬೀದರಿನಲ್ಲೂ ಕೌಂಟರಿನ ಹಿಂದೆ ಕೂತವರು ಹೇಳುವ ಮಾತು ಒಂದೇ.

ಕೇಳಬೇಕು. ಯಾಕೆಂದರೆ ಕಾನೂನಿನಲ್ಲೇ ಹಳೇ ತಪ್ಪನ್ನು ಅಳೆಯಲು ಮೂರು ಬೇರೆ ಬೇರೆ ಅಳತೆಗಳಿವೆ, ನೋಟಿಸುಗಳಲ್ಲಿ ಮೂರೂ ಕಲಸಿಹೋಗುತ್ತವೆ.

ಮೊದಲನೆಯದು ಕೋರ್ಟಿನ ಅಳತೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 30ನೇ ಕಲಮಿನಲ್ಲಿ ಎರಡನೇ ಸಲದ ಅಪರಾಧಕ್ಕೆ ಹೆಚ್ಚಿನ ಶಿಕ್ಷೆ ಇದೆ. ಉಳಿದ ಸಾಮಾನ್ಯ ಉಲ್ಲಂಘನೆಗಳಿಗಿರುವ 27(ಡಿ) ಕಲಮಿನಡಿ ಮೊದಲ ಸಲ ಒಂದರಿಂದ ಎರಡು ವರ್ಷ ಜೈಲು ಮತ್ತು ಕನಿಷ್ಠ 20,000 ರೂಪಾಯಿ ದಂಡ. ಮತ್ತೆ ಶಿಕ್ಷೆಯಾದರೆ ಎರಡರಿಂದ ನಾಲ್ಕು ವರ್ಷ, ಅಥವಾ ಕನಿಷ್ಠ 50,000 ದಂಡ, ಅಥವಾ ಎರಡೂ. ಇಲ್ಲಿ ಲೆಕ್ಕಕ್ಕೆ ಬರುವುದು ಕೋರ್ಟಿನಲ್ಲಿ ಸಾಬೀತಾಗಿ ಶಿಕ್ಷೆಯಾದದ್ದು ಮಾತ್ರ. ಹಳೇ ನೋಟಿಸು, ಹಳೇ ಸಸ್ಪೆನ್ಷನ್ ಯಾವುದೂ ಅಲ್ಲ.

ಎರಡನೆಯದು ಹೊಸ ಲೈಸೆನ್ಸ್ ಕೇಳಿದಾಗಿನ ಅಳತೆ. ಹಿಂದೆ ಲೈಸೆನ್ಸ್ ರದ್ದಾಗಿದ್ದರೆ, ಸಸ್ಪೆಂಡ್ ಆಗಿದ್ದರೆ ಅಥವಾ ಕಾಯ್ದೆಯಡಿ ಶಿಕ್ಷೆಯಾಗಿದ್ದರೆ, ಈತ ತಕ್ಕ ವ್ಯಕ್ತಿಯಲ್ಲ ಎಂದು ಅರ್ಜಿ ತಳ್ಳಿಹಾಕಬಹುದು. ಇದಕ್ಕೆ ವರ್ಷದ ಮಿತಿ ಬರೆದಿಲ್ಲ.

ಮೂರನೆಯದೇ ದಿನನಿತ್ಯ ನಮಗೆ ತಾಗುವುದು: ಇದೇ ಕಾಯ್ದೆಯಡಿ ಮಾಡಿದ 1945ರ ನಿಯಮಗಳ 66ನೇ ನಿಯಮ. ಕೆಲಸದವನಿಂದ ತಪ್ಪಾಗಿದ್ದರೆ ಮಾಲೀಕ ತನ್ನ ಲೈಸೆನ್ಸ್ ಉಳಿಸಿಕೊಳ್ಳಲು ಅದರಲ್ಲಿ ದಾರಿಗಳಿವೆ. ತಾನು ಕುಮ್ಮಕ್ಕು ಕೊಟ್ಟಿಲ್ಲ, ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸುವುದು ಒಂದು ಬಗೆ. ಇನ್ನೊಂದು, ಈ ತಪ್ಪು ನಡೆದ ದಿನದಿಂದ ಹಿಂದಿನ ಹನ್ನೆರಡು ತಿಂಗಳಲ್ಲಿ ಅದೇ ಬಗೆಯ ತಪ್ಪು ಆಗಿಲ್ಲ ಎಂದು ತೋರಿಸುವುದು. ನಮ್ಮ ನಿಯಮದಲ್ಲಿ "ಎಷ್ಟು ಹಿಂದಕ್ಕೆ ನೋಡಬೇಕು" ಎಂಬುದಕ್ಕೆ ಕೈಗೆ ಸಿಗುವ ಸಂಖ್ಯೆ ಇದೊಂದೇ. ಇದರಲ್ಲಿ "ಅದೇ ಬಗೆಯ" ಎಂಬುದೂ "ತಪ್ಪು ನಡೆದ ದಿನ" ಎಂಬುದೂ ಸಾಲಿನಲ್ಲಿ ಸುಮ್ಮನೆ ಬಂದ ಮಾತುಗಳಲ್ಲ.

ತಾರೀಖಿನ ವಿಷಯ ಮೊದಲು. ಒಂದು ಅಂಗಡಿಯ ತಪಾಸಣೆ 2023ರ ಮಾರ್ಚಿನಲ್ಲಿ ಆಯಿತು ಎನ್ನಿ. ನೋಟಿಸು, ಉತ್ತರ, ಮತ್ತೊಂದು ನೋಟಿಸು ಎಲ್ಲ ಮುಗಿದು ಆದೇಶ ಕೈಗೆ ಬಂದದ್ದು 2025ರ ಜನವರಿಯಲ್ಲಿ. ಡಿಸೆಂಬರಿನಲ್ಲಿ ಮತ್ತೆ ತಪಾಸಣೆ, ಮತ್ತೆ ಬಿಲ್ಲಿನಲ್ಲಿ ಲೋಪ. ಆದೇಶದ ತಾರೀಖು ಹಿಡಿದರೆ ಇದು ಒಂದೇ ವರ್ಷದೊಳಗಿನ ಎರಡನೇ ತಪ್ಪು. ತಪ್ಪು ನಡೆದ ದಿನದಿಂದ ದಿನಕ್ಕೆ ಎಣಿಸಿದರೆ ನಡುವೆ 33 ತಿಂಗಳು. ಕಡತ ಮೇಜಿನ ಮೇಲೆ ಮಲಗಿದ್ದ ಕಾಲವನ್ನು ಅಂಗಡಿಯವನ ತಲೆಗೆ ಕಟ್ಟುವುದು ನ್ಯಾಯವಲ್ಲ, ನಿಯಮದ ಅಕ್ಷರವೂ ಹಾಗೆ ಹೇಳುವುದಿಲ್ಲ.

"ಅದೇ ಬಗೆಯ" ಎಂಬುದರಲ್ಲಿ ಗೊಂದಲ ಇನ್ನೂ ಹೆಚ್ಚು. ಇನ್ಸುಲಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟಿ, ಜೇವರ್ಗಿ ಕಡೆಯ ಹಳ್ಳಿಯಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಇನ್ವರ್ಟರ್ ಇಲ್ಲದ ಅಂಗಡಿಯ ಫ್ರಿಜ್ ಕೆಲವೇ ತಾಸಿನಲ್ಲಿ ಕೈಕೊಡುತ್ತದೆ. ಇದು ಕಾಪಿಡುವುದರ ತಪ್ಪು. ಎಚ್1 (ಡಾಕ್ಟರ್ ಚೀಟಿ ಇದ್ದರಷ್ಟೇ ಮಾರಿ, ಪ್ರತ್ಯೇಕವಾಗಿ ಬರೆದಿಡಬೇಕಾದ ಔಷಧಗಳ ಪಟ್ಟಿ) ರಿಜಿಸ್ಟರಿನಲ್ಲಿ ಡಾಕ್ಟರ ವಿಳಾಸ ಬಿಟ್ಟದ್ದು ಬರವಣಿಗೆಯ ತಪ್ಪು. ಎರಡನ್ನೂ ಕೂಡಿಸಿ "ಪದೇ ಪದೇ ಉಲ್ಲಂಘನೆ" ಎಂದು ಬರೆಯುವಂತಿಲ್ಲ. ಫ್ರಿಜ್ಜಿನ ತಪ್ಪೇ ಮರುವರ್ಷವೂ ಕಂಡರೆ ಮಾತು ಬೇರೆ. ಆಗ ಕೇಳಬೇಕಾದ್ದು ಮೊದಲ ನೋಟಿಸಿನ ನಂತರ ಇನ್ವರ್ಟರ್ ತಂದರೋ ಇಲ್ಲವೋ ಎಂದು.

ಹಾಗೆಯೇ, ಒಂದೇ ಭೇಟಿಯಲ್ಲಿ ಕಂಡ ಐದು ಲೋಪಗಳು ಐದು ಹಳೇ ತಪ್ಪುಗಳಾಗುವುದಿಲ್ಲ. ಎಚ್ಚರಿಸಿದ ಮೇಲೂ ಮಾಡಿದ ಎಂಬ ಕಾರಣಕ್ಕಲ್ಲವೇ ಎರಡನೇ ಸಲಕ್ಕೆ ಶಿಕ್ಷೆ ಹೆಚ್ಚುವುದು? ನಡುವೆ ಎಚ್ಚರಿಕೆಯೇ ಇಲ್ಲದಿದ್ದರೆ ಎರಡನೇ ಸಲ ಎಂಬುದೇ ಇಲ್ಲ.

ಫಾರ್ಮಾಸಿಸ್ಟ್ ಇಲ್ಲದ ಪ್ರಕರಣ ನಮ್ಮ ಕಡೆಯ ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ತೊಡಕಿನದು. ತಪಾಸಣೆಗೆ ಬಂದ ದಿನ ಆತ ಮದುವೆಗೆ ಹೋಗಿದ್ದ ಎಂಬುದೂ, ಸರ್ಟಿಫಿಕೇಟ್ ಬಾಡಿಗೆಗೆ ತೂಗುಹಾಕಿ ಆತ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ ಎಂಬುದೂ ವರದಿಯಲ್ಲಿ ಒಂದೇ ಸಾಲು: "ತಪಾಸಣಾ ಸಮಯದಲ್ಲಿ ಗೈರು." ಎರಡು ಸಲ ಮದುವೆಗೆ ಹೋದವನನ್ನೂ ಎರಡು ವರ್ಷ ಬಾರದವನನ್ನೂ ಒಂದೇ ತಕ್ಕಡಿಗೆ ಹಾಕಬಾರದು. ವ್ಯತ್ಯಾಸ ತೋರಿಸುವ ಕಾಗದ ಅಂಗಡಿಯಲ್ಲೇ ಇರಬೇಕು: ಬ್ಯಾಂಕ್ ಖಾತೆಗೆ ಹೋದ ಸಂಬಳ, ಬಿಲ್ಲುಗಳ ಮೇಲೆ ದಿನವೂ ಆತನ ಸಹಿ, ಹಾಜರಿ ಪುಸ್ತಕ, ರಜೆ ದಿನ ಡಾಕ್ಟರ್ ಚೀಟಿಯ ಔಷಧ ಮಾರಿಲ್ಲ ಎಂದು ತೋರಿಸುವ ಬಿಲ್ ಪಟ್ಟಿ. ಫಾರ್ಮಾಸಿಸ್ಟ್ ಬದಲಾದರೆ ಒಂದು ತಿಂಗಳೊಳಗೆ ಲೈಸೆನ್ಸ್ ಕೊಟ್ಟ ಕಚೇರಿಗೆ ತಿಳಿಸಬೇಕು. ಇದನ್ನು ಮರೆತು ಸಿಕ್ಕಿಹಾಕಿಕೊಂಡವರೇ ಬಹಳ.

ಇನ್ನು ಎಷ್ಟು ವರ್ಷ ಎಂಬ ಪ್ರಶ್ನೆ. ಇದಕ್ಕೆ ಉತ್ತರ ದಾಖಲೆ ಇಡುವ ನಿಯಮದೊಳಗೇ ಇದೆ ಎಂಬುದು ನನ್ನ ವಾದ. ಸಾಮಾನ್ಯ ರಿಜಿಸ್ಟರು, ಬಿಲ್ಲುಗಳನ್ನು ಕಡೆಯ ನಮೂದಿನಿಂದ ಎರಡು ವರ್ಷ ಇಡಬೇಕು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಪಟ್ಟಿಯ ಔಷಧಗಳಿಗೆ (ಆಲ್ಪ್ರಜೋಲಾಂ, ಕೊಡೀನ್, ಟ್ರಮಡಾಲ್, ಟಿಬಿ ಔಷಧಗಳು ಇತ್ಯಾದಿ) ಪ್ರತ್ಯೇಕ ರಿಜಿಸ್ಟರ್, ಮೂರು ವರ್ಷ. ಅದರಾಚೆ ಕಾಗದ ಇಟ್ಟುಕೊಳ್ಳಬೇಕಿಲ್ಲ ಎಂದು ಕಾನೂನೇ ಹೇಳಿದ ಮೇಲೆ, ಆರು ವರ್ಷದ ಹಿಂದಿನ ತಪಾಸಣಾ ವರದಿ ತೆಗೆದು ಮುಂದಿಟ್ಟರೆ ಅಂಗಡಿಯವನು ಏನು ತೋರಿಸಿ ಉತ್ತರ ಕೊಡಬೇಕು? ಆದ್ದರಿಂದ ಬರವಣಿಗೆಯ ಸಣ್ಣ ಲೋಪಕ್ಕೆ 12 ತಿಂಗಳು. ಅವಧಿ ಮುಗಿದ ಔಷಧ ಮಾರುವ ರ‍್ಯಾಕಿನಲ್ಲಿ ಸಿಕ್ಕದ್ದು, ಫಾರ್ಮಾಸಿಸ್ಟ್ ಗೈರು ಇಂಥವಕ್ಕೆ ಎರಡು ವರ್ಷ. ಎಚ್1 ರಿಜಿಸ್ಟರಿನ ಲೋಪಕ್ಕೆ ಮೂರು ವರ್ಷ. ಅದಕ್ಕೂ ಹಿಂದಿನದು ಕಡತದಲ್ಲಿರಲಿ, ಶಿಕ್ಷೆ ಹೆಚ್ಚಿಸಲು ಬೇಡ.

ಒಂದು ಬಗೆಗೆ ಮಾತ್ರ ಈ ರಿಯಾಯಿತಿ ಸಲ್ಲದು: ಮಾಲು ನಶೆಗೆ ಹೋದ ಪ್ರಕರಣ. ತಿಂಗಳಿಗೆ 300 ಬಾಟಲಿ ಕೊಡೀನ್ ಸಿರಪ್ ಖರೀದಿ, ರಿಜಿಸ್ಟರಿನಲ್ಲಿ 40 ಮಾರಾಟ, ರ‍್ಯಾಕಿನಲ್ಲಿ 12. ಉಳಿದ 248 ಎಲ್ಲಿ? ಇದು ಬರೆಯಲು ಮರೆತದ್ದಲ್ಲ. ಹುಮನಾಬಾದಿನ ಮೇಲೆ ಹಾದುಹೋಗುವ ಹೈದರಾಬಾದ್–ಪುಣೆ ಹೆದ್ದಾರಿ, ಎರಡು ರಾಜ್ಯದ ಗಡಿ ಇರುವ ನಮ್ಮ ಕಡೆ ಇಂಥ ಮಾಲು ದಾಟಿಸುವುದು ಸುಲಭ. ಇಂಥದ್ದು ಸಾಬೀತಾದರೆ ಎಷ್ಟು ವರ್ಷ ಹಳೆಯದಾದರೂ ಲೆಕ್ಕಕ್ಕೆ ಬರಬೇಕು. ಆದರೆ ಸಾಬೀತಾಗಬೇಕು: ಹೋಲ್‌ಸೇಲ್ ಬಿಲ್ಲು, ಸ್ಟಾಕು, ಮಾರಾಟ ಮೂರೂ ತಾಳೆ ಹಾಕಿ.

ಈ ವಿಂಗಡಣೆ ಬೇರೆ ಕಡೆ ಕಾನೂನೇ ಆಗಿದೆ, ಅದೂ ಗಾಂಜಾ ಅಂಗಡಿಗಳಿಗೆ. ನಮ್ಮಲ್ಲಿ ಅಂಗಡಿ ಇಟ್ಟು ಗಾಂಜಾ ಮಾರುವಂತಿಲ್ಲ; ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದು ಅಪರಾಧ, ಹಳೇ ಶಿಕ್ಷೆ ಇದ್ದವನಿಗೆ 31ನೇ ಕಲಮಿನಂತೆ ಗರಿಷ್ಠ ಶಿಕ್ಷೆ ಒಂದೂವರೆ ಪಟ್ಟು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2012ರ ಜನಮತದ ನಂತರ 2014ರಲ್ಲಿ ಲೈಸೆನ್ಸ್ ಅಂಗಡಿಗಳು ತೆರೆದವು. ಅಲ್ಲಿ 2019ರಲ್ಲಿ ಒಂದು ಕಾನೂನು ಮಾಡಿದರು: ಎರಡು ವರ್ಷಕ್ಕಿಂತ ಹಳೆಯ ಉಲ್ಲಂಘನೆಯನ್ನು ಲೈಸೆನ್ಸ್ ನಿರಾಕರಿಸಲು, ತಡೆಹಿಡಿಯಲು, ರದ್ದು ಮಾಡಲು ಕಾರಣವಾಗಿ ಬಳಸುವಂತಿಲ್ಲ. ಅಪವಾದ ಯಾವುದಕ್ಕೆ? ಮಾಲು ಕಳ್ಳಸಂತೆಗೆ ಅಥವಾ ಗಡಿಯಾಚೆ ಹೋದದ್ದು, ಅಪ್ರಾಪ್ತರಿಗೆ ಕೊಟ್ಟದ್ದು, ಹಣ ಅಪರಾಧಿ ಗುಂಪುಗಳಿಗೆ ಹೋದದ್ದು, ಗಾಂಜಾಕ್ಕೆ ಸಂಬಂಧವಿಲ್ಲದ ಬೇರೆ ಅಪರಾಧ, ಗೊತ್ತಿದ್ದೇ ಸುಳ್ಳು ಮಾಹಿತಿ ಕೊಟ್ಟದ್ದು. ಅದನ್ನೂ ಇಲಾಖೆಯೇ ಸಾಬೀತು ಮಾಡಬೇಕು. ಗಾಂಜಾ ಮಾರುವವನಿಗೆ ಇರುವಷ್ಟು ಸ್ಪಷ್ಟತೆ ಪ್ಯಾರಾಸಿಟಮಾಲ್ ಮಾರುವವನಿಗೂ ಬೇಡವೇ?

ಹಳೇ ತಪ್ಪು ಯಾರ ಬೆನ್ನಿಗೆ ಎಂಬುದು ಇನ್ನೊಂದು ತೊಡಕು. ಅಪ್ಪನ ಹೆಸರಿನ ಅಂಗಡಿ ಸಸ್ಪೆಂಡ್ ಆದೊಡನೆ ಮಗನ ಹೆಸರಲ್ಲಿ ಹೊಸ ಅರ್ಜಿ, ಬೋರ್ಡಿಗೆ ಹೊಸ ಬಣ್ಣ. ಪಾಲುದಾರರು ಬದಲಾದರೆ ಹಳೇ ಲೈಸೆನ್ಸ್ ಹೆಚ್ಚೆಂದರೆ ಮೂರು ತಿಂಗಳು ನಡೆಯುತ್ತದೆ, ಅಷ್ಟರಲ್ಲಿ ಹೊಸದು ಪಡೆಯಬೇಕು; ಆ ಸಂದಿಯಲ್ಲಿ ಹಳೇ ಇತಿಹಾಸ ಕಳೆದುಹೋಗುತ್ತದೆ. ಅತ್ತ, ನಿಜವಾಗಿ ದುಡ್ಡು ಕೊಟ್ಟು ಅಂಗಡಿ ಕೊಂಡವನಿಗೆ ಹಿಂದಿನವನ ಪಾಪ ಅಂಟಬಾರದು. ಬಾಡಿಗೆ ಕರಾರು, ಜಿಎಸ್‌ಟಿ ನಂಬರು, ಹೋಲ್‌ಸೇಲ್‌ನವರಿಗೆ ಹಣ ಹೋಗುವ ಬ್ಯಾಂಕ್ ಖಾತೆ, ಈ ಮೂರು ನೋಡಿದರೆ ಅಂಗಡಿ ನಿಜವಾಗಿ ಕೈಬದಲಾಗಿದೆಯೋ ಇಲ್ಲವೋ ತಿಳಿಯುತ್ತದೆ.

ನೋಟಿಸು ಬಂದಾಗ ಮಾಡಬೇಕಾದ್ದು ಹೀಗೆ. "ಈ ಹಿಂದೆಯೂ" ಎಂಬ ಸಾಲಿದ್ದರೆ, ಆ ಹಳೇ ತಪಾಸಣೆಯ ತಾರೀಖು, ವರದಿ, ಆದೇಶದ ಪ್ರತಿ ಕೊಡಿ ಎಂದು ಮೊದಲೇ ಲಿಖಿತವಾಗಿ ಕೇಳಿ, ಮುದ್ರೆ ಹಾಕಿಸಿಕೊಳ್ಳಿ. ಹಳೇ ದಾಖಲೆ ನೋಡಿ ಶಿಕ್ಷೆ ಹೆಚ್ಚಿಸುವುದಾದರೆ ಅದನ್ನು ನೋಟಿಸಿನಲ್ಲೇ ತಿಳಿಸಿರಬೇಕು ಎಂದು ಸುಪ್ರೀಂ ಕೋರ್ಟ್ ಆಗಿನ ಮೈಸೂರು ರಾಜ್ಯದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ (ತೀರ್ಪುಗಳ ಸಂಗ್ರಹವಾದ ಎಐಆರ್‌ನ 1964ರ ಸಂಪುಟದಲ್ಲಿ ವರದಿಯಾದದ್ದು) ಹೇಳಿದೆ. ತತ್ವ ಇಲ್ಲಿಗೂ ಹೊಂದುತ್ತದೆ. ಫಾರ್ಮ್ 35ರ ಇನ್‌ಸ್ಪೆಕ್ಷನ್ ಬುಕ್ ತೆಗೆದು ನೋಡಿ: ಹಿಂದಿನ ಟಿಪ್ಪಣಿಗೆ ನೀವು ಸರಿಪಡಿಸಿದ ಪತ್ರ ಕೊಟ್ಟಿದ್ದರೆ ಅದರ ಸ್ವೀಕೃತಿ ಲಗತ್ತಿಸಿ. ಕೊಟ್ಟೇ ಇಲ್ಲದಿದ್ದರೆ, ಆ ಟಿಪ್ಪಣಿ ಇವತ್ತಿಗೂ ತೆರೆದೇ ಇದೆ ಎಂದರ್ಥ.

ಸೊಲ್ಲಾಪುರ, ಹೈದರಾಬಾದಿನ ಚೀಟಿಗಳ ಬಗ್ಗೆ ಒಂದು ಮಾತು. ನಮ್ಮ ಕಡೆ ರೋಗಿಗಳು ಅಲ್ಲಿಗೇ ಹೋಗುವುದರಿಂದ ಎಚ್1 ರಿಜಿಸ್ಟರಿನಲ್ಲಿ ಡಾಕ್ಟರ ವಿಳಾಸದ ಕಾಲಂ ಖಾಲಿ ಬೀಳುವುದು ಹೆಚ್ಚಾಗಿ ಇಂಥ ಚೀಟಿಗಳಿಂದಲೇ. ಚೀಟಿಯ ಫೋಟೊ ತೆಗೆದಿಡಿ, ಡಾಕ್ಟರ ಸಹಿಯ ಮೇಲ್ಗಡೆ ಅಂಗಡಿಯ ಹೆಸರು, ವಿಳಾಸ, ತಾರೀಖಿನ ಮುದ್ರೆ ಹಾಕಿ. "ಚೀಟಿ ನಾಳಿ ತರ್ತೀನಿ ಅಣ್ಣಾ" ಎನ್ನುವವರಿಗೆ ಎಚ್1 ಮಾಲು ಕೊಡಲೇಬೇಡಿ.

ಊರಿಗೆ ಒಂದೇ ಅಂಗಡಿ ನಿಮ್ಮದಾಗಿದ್ದರೆ ಉತ್ತರದಲ್ಲಿ ಇನ್ನೊಂದು ಮಾತು ಸೇರಿಸಿ. 66ನೇ ನಿಯಮದಲ್ಲಿ ಲೈಸೆನ್ಸನ್ನು ಪೂರ್ತಿ ಅಥವಾ ಕೆಲವು ಔಷಧಗಳ ಮಟ್ಟಿಗೆ ಮಾತ್ರ ಸಸ್ಪೆಂಡ್ ಮಾಡಲು ಅವಕಾಶವಿದೆ. ಎಚ್1 ರಿಜಿಸ್ಟರಿನಲ್ಲಿ ತಪ್ಪಾಗಿದ್ದರೆ ಎಚ್1 ಮಾರಾಟವನ್ನಷ್ಟೇ ನಿಲ್ಲಿಸಲಿ, ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗೆ ಜನ ತಾಲೂಕಿಗೆ ಓಡುವುದು ತಪ್ಪಲಿ.

ಆದೇಶ ಬಂದ ಮೇಲೆ ಸರ್ಕಾರಕ್ಕೆ ಮೇಲ್ಮನವಿ ಹಾಕಲು ಆದೇಶದ ತಾರೀಖಿನಿಂದ ಮೂರು ತಿಂಗಳು. ನೋಟಿಸಿನಲ್ಲಿ ಇಲ್ಲದ ಹಳೇ ಪ್ರಕರಣ ಆದೇಶದಲ್ಲಿ ಕಂಡರೆ ಅದನ್ನೇ ಮೊದಲ ಕಾರಣವಾಗಿ ಬರೆಯಿರಿ. ಸಸ್ಪೆನ್ಷನ್ ದಿನಗಳಲ್ಲಿ ಮಾತ್ರ ಷಟರ್ ಅರ್ಧ ಎತ್ತಿ ಮಾರಬೇಡಿ: ಅದು ಲೈಸೆನ್ಸ್ ಇಲ್ಲದ ಮಾರಾಟವಾಗಿ 27(ಬಿ)ಗೆ ಹೋಗುತ್ತದೆ, ಅಲ್ಲಿ ಶಿಕ್ಷೆ ಶುರುವಾಗುವುದೇ ಮೂರು ವರ್ಷ ಜೈಲು ಮತ್ತು ಒಂದು ಲಕ್ಷ ದಂಡದಿಂದ.