ಎಡಿನ್‌ಬರೊ ಟ್ಯಾಟೂ ನೋಡೋಕೆ ಹೊರಟಿದ್ದೀರಾ? ಮೊದಲು ರೂಮು ನೋಡಿ

ಟಿಕೆಟ್‌ಗಿಂತ ಮೊದಲು ರೂಮು ಹುಡುಕಿ. ಸೇನಾ ಬ್ಯಾಂಡುಗಳ ಪ್ರದರ್ಶನವಾದ ಮಿಲಿಟರಿ ಟ್ಯಾಟೂ ನಡೆಯುವ ಆಗಸ್ಟ್‌ನಲ್ಲೇ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ನಾಟಕ, ಹಾಸ್ಯದ ಫ್ರಿಂಜ್ ಉತ್ಸವವೂ ಇರುತ್ತದೆ. ಊರು ತುಂಬಿ ತುಳುಕುತ್ತದೆ. ನಾನೂ ಅಮ್ಮನೂ ಟಿಕೆಟ್ ತಗೊಂಡು ಎರಡು ತಿಂಗಳು ಸುಮ್ನೆ ಕೂತೆವು. ಆಮೇಲೆ ಸಿಕ್ಕಿದ್ದು ಊರಾಚೆಯ ಒಂದು ರೂಮು, ಅದೂ ಮೂರು ಪಟ್ಟು ಬಾಡಿಗೆಗೆ.

ಇದು ಹಚ್ಚೆಯ ಟ್ಯಾಟೂ ಅಲ್ಲ. 'ಡೂ ಡೆನ್ ಟಾಪ್ ಟೂ' ಅನ್ನುವ ಡಚ್ ಮಾತಿನಿಂದ ಬಂದ ಹೆಸರು. ರಾತ್ರಿ ಡ್ರಮ್ ಬಾರಿಸಿಕೊಂಡು ಹೋದರೆ ಹೆಂಡದಂಗಡಿಯವರು ಪೀಪಾಯಿಯ ನಲ್ಲಿಯನ್ನು ಮುಚ್ಚಬೇಕು, ಸೈನಿಕರು ಬಿಡಾರಕ್ಕೆ ವಾಪಸಾಗಬೇಕು ಅಂತ ಅರ್ಥ. ಎಡಿನ್‌ಬರೊ ಕೋಟೆಯ ಮುಂದಿನ ಅಂಗಳದಲ್ಲಿ 1950ರಿಂದ ಈ ಪ್ರದರ್ಶನ ನಡೆಯುತ್ತಿದೆ.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೊದ ವೇವರ್ಲಿ ಸ್ಟೇಷನ್ನಿಗೆ ರೈಲಲ್ಲಿ ಸುಮಾರು ನಾಲ್ಕೂವರೆ ಗಂಟೆ. ಹೋಗುವಾಗ ಬಲಗಡೆ ಕೂತರೆ ಬೆರಿಕ್ ಹತ್ತಿರ ಸಮುದ್ರ ಕಾಣುತ್ತದೆ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ಪ್ರಿನ್ಸಸ್ ಸ್ಟ್ರೀಟ್‌ನಲ್ಲಿರಿ. ಸರಿಯಾಗಿ ಒಂದಕ್ಕೆ ಕೋಟೆಯಿಂದ ತೋಪು ಹಾರಿಸುತ್ತಾರೆ. ಹಡಗಿನವರು ಗಡಿಯಾರ ಸರಿಮಾಡಿಕೊಳ್ಳಲಿ ಅಂತ 1861ರಲ್ಲಿ ಶುರುವಾದ ಪದ್ಧತಿ. ಭಾನುವಾರ ಹಾರಿಸುವುದಿಲ್ಲ.

ಕೋಟೆ ಒಳಗೆ ನೋಡಲು ಬೇರೆ ಟಿಕೆಟ್ ಬೇಕು. ನಮ್ಮ ಕಡೆಯವರಿಗೆ ಸ್ಕಾಟ್ಲೆಂಡಿನ ಸೈನ್ಯ ಅಂದರೆ ಇನ್ನೊಂದು ನೆನಪೂ ಇದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಅದಕ್ಕೂ ಮುಂಚೆ ಅದೇ ಊರಲ್ಲಿ ಸುಮಾರು ಮೂರೂವರೆ ವರ್ಷ ಸೆರೆಯಲ್ಲಿದ್ದವನು. ಅಮ್ಮ ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಪಕ್ಕದಲ್ಲೇ. ಈ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಕೋಟೆ ಗೋಡೆಯನ್ನೇ ನೋಡುತ್ತಾ ನಿಂತಳು.

ಸಂಜೆ ಹೋಗುವಾಗ ಎರಡು ವಿಷಯ. ಸ್ಟೇಷನ್ನಿಂದ ಪೂರ್ತಿ ಏರು, ಕಲ್ಲುಹಾಸಿನ ದಾರಿ. ಮೊಣಕಾಲು ನೋವಿರುವವರ ಜೊತೆ ಹೋಗುವುದಾದರೆ ಒಂದು ಗಂಟೆ ಮುಂಚೆ ಹೊರಡಿ. ಇನ್ನೊಂದು, ಮಳೆ. ಮಳೆ ಬಂತು ಅಂತ ಪ್ರದರ್ಶನ ನಿಲ್ಲಿಸುವುದಿಲ್ಲ, ಅಂಗಳಕ್ಕೆ ಸೂರಿಲ್ಲ, ಛತ್ರಿ ಬಿಚ್ಚುವ ಹಾಗಿಲ್ಲ. ಟೋಪಿಯಿರುವ ರೇನ್‌ಕೋಟ್, ಒಳಗೆ ಸ್ವೆಟರ್ ಬೇಕೇ ಬೇಕು. ಆಗಸ್ಟ್ ಅಂತ ನಂಬಬೇಡಿ. ನಮಗೆ ಅರ್ಧ ಗಂಟೆ ಸಣ್ಣಗೆ ಹನಿಯಿತು. ನಾನು ಅಮ್ಮನಿಗೆ ಬರೀ ಶಾಲು ತಂದಿದ್ದೆ, ಅದು ತೊಯ್ದು ಭಾರವಾಯಿತು. ಇವತ್ತಿಗೂ ಅದಕ್ಕೆ ಬೇಜಾರಿದೆ.

ದುಡ್ಡು ಸ್ವಲ್ಪ ಜಾಸ್ತಿಯಾದರೂ ಪೂರ್ವದ ಸ್ಟ್ಯಾಂಡ್‌ನಲ್ಲೇ ಸೀಟು ತಗೊಳ್ಳಿ. ಕೋಟೆ ಬಾಗಿಲು ನೇರ ಎದುರಿಗೆ. ಬಾಗಿಲು ತೆರೆದು ಸಾಲುಸಾಲಾಗಿ ಬ್ಯಾಗ್‌ಪೈಪ್ ಊದುತ್ತಾ ಬರುವವರನ್ನು ಮುಖಾಮುಖಿ ನೋಡಬೇಕು. ಬ್ಯಾಗ್‌ಪೈಪ್‌ನ ಮೂರು ಕೊಳವೆಗಳು ಒಂದೇ ಸಮ ಶ್ರುತಿ ಹಿಡಿದಿರುತ್ತವೆ. "ಓಲಗದವರ ಶ್ರುತಿ ಇದ್ದ ಹಾಗೇ ಇದೆಯಲ್ಲೋ" ಅಂದಳು ಅಮ್ಮ. ಡ್ರಮ್ಮಿನ ಸದ್ದು ಕೂತ ಸೀಟಿನಿಂದ ಬೆನ್ನಿಗೆ ಏರುತ್ತಿತ್ತು. ಬನ್ನಿಮಂಟಪದ ಪಂಜಿನ ಕವಾಯತು ನೋಡಿ ಬೆಳೆದವಳಿಗೆ ಶಿಸ್ತಿನ ನಡಿಗೆ ಹೊಸದಲ್ಲ. ಆದರೂ ನನ್ನ ತೋಳು ಬಿಡಲಿಲ್ಲ.

ಕೊನೆಗೆ ದೀಪಗಳೆಲ್ಲ ಆರುತ್ತವೆ. ಕೋಟೆಯ ಮೇಲೆ ಒಂದೇ ಬೆಳಕು, ಅದರಲ್ಲಿ ಒಬ್ಬನೇ ಪೈಪರ್. ಅಷ್ಟೊಂದು ಸಾವಿರ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಆ ಹೊತ್ತಲ್ಲಿ ದಯವಿಟ್ಟು ಮೊಬೈಲ್ ಕೆಳಗಿಡಿ.

ಮುಗಿದ ಕೂಡಲೇ ಏಳಬೇಡಿ. ಅಷ್ಟೂ ಜನ ಇಳಿಯುವುದು ಕಡಿದಾದ ಕ್ಯಾಸಲ್‌ಹಿಲ್ ರಸ್ತೆಯಲ್ಲಿ. ನಾವು ಕಾಲು ಗಂಟೆ ಕೂತಲ್ಲೇ ಕೂತು, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಹಂಚಿಕೊಂಡು, ಆಮೇಲೆ ಮೆಲ್ಲಗೆ ಇಳಿದೆವು.