ವರ್ಡ್ ಫೈಲಿನಿಂದ ಶುದ್ಧ ಎಚ್‌ಟಿಎಂಎಲ್

ಮೈಸೂರಿನ ಡಿಟಿಪಿ ಅಂಗಡಿಯಿಂದ ಬಂದ ವರ್ಡ್ ಫೈಲನ್ನು ವೆಬ್‌ಗೆ ಹಾಕುವ ಮೊದಲು ಫಾಂಟ್ ನೋಡಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಾದರೆ ಫೈಲಿನೊಳಗೆ ಕನ್ನಡವೇ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಕನ್ನಡಕ್ಕೇ ಪ್ರತ್ಯೇಕ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ಓದಿ ನೋಡಿ. ಎಡವಟ್ಟಾಗುವುದು ಅಲ್ಲೇ.

ಆಮೇಲೆ ಶೀರ್ಷಿಕೆಗಳು. ಅಕ್ಷರ ದಪ್ಪ ಮಾಡಿ ಸೈಜ್ 18ಕ್ಕೆ ಏರಿಸಿದರೆ ಅದು ಕಣ್ಣಿಗಷ್ಟೇ ಶೀರ್ಷಿಕೆ. ವೆಬ್ ಪುಟ ಬರೆಯುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬರೀ ದಪ್ಪಕ್ಷರದ ಪ್ಯಾರಾ. ‘ಹೆಡಿಂಗ್ 1’, ‘ಹೆಡಿಂಗ್ 2’ ಸ್ಟೈಲ್‌ಗಳನ್ನೇ ಹಾಕಿ.

ವರ್ಡ್‌ನ ‘ಸೇವ್ ಆಸ್’ನಲ್ಲಿರುವ ‘ವೆಬ್ ಪೇಜ್’ ಆಯ್ಕೆ ಬೇಡವೇ ಬೇಡ: ಆಫೀಸ್‌ಗಷ್ಟೇ ಬೇಕಾದ ಕಸವನ್ನೆಲ್ಲ ತುಂಬುತ್ತದೆ. ‘ವೆಬ್ ಪೇಜ್, ಫಿಲ್ಟರ್ಡ್’ ಆಯ್ಕೆ ಸ್ವಲ್ಪ ವಾಸಿ, ಆದರೂ ಪ್ಯಾರಾಗಳಿಗೆ ‘ಎಂಎಸ್‌ಒ ನಾರ್ಮಲ್’ ಕ್ಲಾಸ್ (ವಿನ್ಯಾಸದ ಗುರುತು) ಅಂಟಿಕೊಂಡೇ ಇರುತ್ತದೆ. ನನ್ನ ಮತ ಫೈಲುಗಳ ಮಾದರಿ ಬದಲಿಸುವ ತಂತ್ರಾಂಶ ಪ್ಯಾಂಡಾಕ್‌ಗೆ. ಡಾಕ್‌ಎಕ್ಸ್ ಫೈಲ್ ಕೊಟ್ಟು ಎಚ್‌ಟಿಎಂಎಲ್ 5 ಕೇಳಿ. ಪೂರ್ಣ ಪುಟ ಕೊಡುವ ‘ಸ್ಟ್ಯಾಂಡಲೋನ್’ ಆಯ್ಕೆ ಹಾಕಿದರೆ ಪುಟದ ಬಗೆ ಹೇಳುವ ಡಾಕ್‌ಟೈಪ್, ಅಕ್ಷರಸಂಕೇತ ಹೇಳುವ ಯುಟಿಎಫ್-8 ಸಾಲು ತಾವಾಗಿಯೇ ಬರುತ್ತವೆ. ಭಾಷೆಯನ್ನು ಮಾತ್ರ ನಾವೇ ‘ಕೆಎನ್’ ಎಂದು ಕೊಡಬೇಕು, ಇಲ್ಲದಿದ್ದರೆ ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್ ಕನ್ನಡವನ್ನು ಬೇರೆ ಭಾಷೆಯ ದನಿಯಲ್ಲಿ ಓದಲು ಹೋಗಬಹುದು. ಚಿತ್ರಗಳಿಗೆ ವರ್ಡ್‌ನಲ್ಲೇ ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲಿಗೆ ಓದುವ ವಿವರಣೆ) ಬರೆದಿಡಿ. ಕೊನೆಗೆ ಪುಟದ ಸಂಕೇತದ ತಪ್ಪು ಹುಡುಕುವ ಡಬ್ಲ್ಯು3ಸಿ ವ್ಯಾಲಿಡೇಟರ್‌ಗೆ ಕೊಟ್ಟು ಮೊದಲ ದೋಷದಿಂದ ತಿದ್ದುತ್ತಾ ಬನ್ನಿ; ಕೆಳಗಿನವು ಎಷ್ಟೋ ಸಲ ಅದರ ಮರಿಗಳೇ.