ಬಡ್ಡಿ ಸರ್ಟಿಫಿಕೇಟಿನಲ್ಲಿ ಎರಡನೇ ಹೆಸರು

ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಮನೆ ಇದೆ, ಸಾಲವೂ ಇಬ್ಬರ ಹೆಸರಲ್ಲಿದೆ, ಕಂತನ್ನೂ ಇಬ್ಬರೂ ಸೇರಿ ಕಟ್ಟುತ್ತಿದ್ದಾರೆ ಅಂದಮೇಲೆ ಬಡ್ಡಿ ಮೇಲಿನ ತೆರಿಗೆ ವಿನಾಯಿತಿ ಇಬ್ಬರಿಗೂ ಸಿಗಬೇಕು. ಕಾನೂನಿನಲ್ಲೂ ಹಾಗೇ ಇದೆ. ಇಷ್ಟು ಸರಳವಾದ ವಿಷಯವನ್ನು ಒಪ್ಪಿಸುವುದಕ್ಕೆ 2024ರ ಜನವರಿಯಲ್ಲಿ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಓಡಾಡಿದೆ. ಇಬ್ಬರೂ ದುಡಿಯುವ ಮನೆಯವರಿಗೆ, ಅದರಲ್ಲೂ ಹೆಂಗಸರಿಗೆ, ಇದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಜನವರಿ ಅಂದರೆ ಸಂಬಳದವರು ತೆರಿಗೆ ವಿನಾಯಿತಿಗೆ ಆಫೀಸಿನಲ್ಲಿ ಪ್ರೂಫ್ ಕೊಡುವ ತಿಂಗಳು. ಎಲ್‌ಐಸಿ ರಸೀದಿ, ಮಕ್ಕಳ ಸ್ಕೂಲ್ ಫೀಸು, ಹೆಲ್ತ್ ಇನ್ಶೂರೆನ್ಸ್, ಹೋಮ್ ಲೋನ್ ಬಡ್ಡಿಯ ಸರ್ಟಿಫಿಕೇಟು, ಎಲ್ಲವನ್ನೂ ವಿನಾಯಿತಿಗಳ ವಿವರ ತುಂಬುವ ಫಾರಂ 12ಬಿಬಿ ಜೊತೆ ಕೊಡಬೇಕಿತ್ತು. ನಾನು ಆಗ ಇಂಥ ವಿನಾಯಿತಿಗಳೆಲ್ಲ ಸಿಗುವ ಹಳೇ ತೆರಿಗೆ ಪದ್ಧತಿಯಲ್ಲಿದ್ದೆ. ನಮ್ಮವರೂ ಅದರಲ್ಲೇ ಇದ್ದರು. ಆ ವರ್ಷ ಸಾಲದ ಬಡ್ಡಿಯೇ 3,60,000 ರೂಪಾಯಿ ಆಗಿತ್ತು. ಕ್ರಯಪತ್ರದಲ್ಲಿ ಇಬ್ಬರಿಗೂ ಅರ್ಧರ್ಧ ಪಾಲು ಅಂತ ಬರೆದಿದೆ. ಹಾಗಾಗಿ ಅವರು ತಮ್ಮ ಆಫೀಸಿನಲ್ಲಿ 1,80,000 ತೋರಿಸಿದರು, ನಾನು ನನ್ನ ಆಫೀಸಿನಲ್ಲಿ 1,80,000 ತೋರಿಸಿದೆ. ಅವರದ್ದು ಪಾಸಾಯಿತು. ನನ್ನದು ವಾಪಸ್ ಬಂತು.

ಅಕೌಂಟ್ಸ್ ವಿಭಾಗಕ್ಕೆ ಹೋಗಿ ಕೇಳಿದೆ. "ಮೇಡಂ, ಲೋನ್ ಸರ್‌ದು ಅಲ್ವಾ? ಸರ್ಟಿಫಿಕೇಟಲ್ಲಿ ಅವರ ಹೆಸರೇ ಮೊದಲಿದೆ. ಇಎಂಐ ಕೂಡ ಅವರ ಅಕೌಂಟಿಂದ ಹೋಗ್ತಿದೆ. ಅವರೇ ಕ್ಲೇಮ್ ಮಾಡ್ಕೊಳ್ಲಿ ಬಿಡಿ" ಅಂದರು ಅಲ್ಲಿದ್ದ ಹುಡುಗ. ಒಳ್ಳೆಯ ಹುಡುಗ, ಒರಟಾಗಿ ಮಾತಾಡಲಿಲ್ಲ. ಆದರೂ ಆ ಮಾತು ನನಗೆ ಚುಚ್ಚಿತು. ಸಾಲ ತೆಗೆದುಕೊಂಡಾಗಿನಿಂದ ಪ್ರತಿ ತಿಂಗಳು ಸಂಬಳ ಆದ ದಿನವೇ ಕಂತಿನ ಅರ್ಧ ಹಣವನ್ನು ನಮ್ಮವರ ಅಕೌಂಟಿಗೆ ಹಾಕುತ್ತಾ ಬಂದಿದ್ದೇನೆ. ಬ್ಯಾಂಕಿನವರು ಒಂದೇ ಅಕೌಂಟಿನಿಂದ ಕಂತು ಕತ್ತರಿಸುತ್ತಾರೆ, ಅದಕ್ಕೆ ಈ ವ್ಯವಸ್ಥೆ. ನನ್ನ ಸಂಬಳದಿಂದ ಹೋದ ಅಷ್ಟೂ ದುಡ್ಡು ಎರಡನೇ ಹೆಸರು ಅನ್ನುವ ಕಾರಣಕ್ಕೆ ಲೆಕ್ಕಕ್ಕೇ ಇಲ್ಲ ಅಂದರೆ ಹೇಗೆ?

"ಅವರೇ ಕ್ಲೇಮ್ ಮಾಡಲಿ" ಅನ್ನುವುದರಲ್ಲಿ ಇನ್ನೊಂದು ತಪ್ಪೂ ಇತ್ತು. ಹಳೇ ಪದ್ಧತಿಯಲ್ಲಿ ನಾವೇ ವಾಸವಾಗಿರುವ ಮನೆಗೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 24(ಬಿ) ಪ್ರಕಾರ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ವಿನಾಯಿತಿ. ಈ 2 ಲಕ್ಷ ಮನೆಗೆ ಒಂದು ಅಂತಲ್ಲ, ಒಬ್ಬೊಬ್ಬ ಮಾಲೀಕರಿಗೂ ಬೇರೆ ಬೇರೆ. ಹಾಗಂತ ಗಂಡನ ಪಾಲನ್ನು ಹೆಂಡತಿ, ಹೆಂಡತಿ ಪಾಲನ್ನು ಗಂಡ ತೋರಿಸಿಕೊಳ್ಳುವ ಹಾಗಿಲ್ಲ. ಯಾರಿಗೆ ಜಾಸ್ತಿ ಟ್ಯಾಕ್ಸ್ ಬೀಳುತ್ತದೋ ಅವರ ಕಡೆ ಬಡ್ಡಿ ತಳ್ಳಿಬಿಡಿ ಅಂತ ಸಲಹೆ ಕೊಡುವವರು ತುಂಬಾ ಜನ ಸಿಗುತ್ತಾರೆ, ಆದರೆ ಅದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ನನ್ನ ಅರ್ಧವನ್ನು ನಾನು ತೋರಿಸದಿದ್ದರೆ ಅದು ಸುಮ್ನೆ ಹೋದ ಹಾಗೆ. ನನಗೆ ಆಗ ಬೀಳುತ್ತಿದ್ದದ್ದು 20 ಪರ್ಸೆಂಟ್ ತೆರಿಗೆ, ಆ ತೆರಿಗೆಯ ಮೇಲೆ 4 ಪರ್ಸೆಂಟ್ ಸೆಸ್. 1,80,000ಕ್ಕೆ ಲೆಕ್ಕ ಹಾಕಿದರೆ 37,440 ರೂಪಾಯಿ. ಸಾಲ ಕಟ್ಟುವವರ ಮನೆಯಲ್ಲಿ ಇದು ಸಣ್ಣ ಮೊತ್ತ ಅಲ್ಲವೇ ಅಲ್ಲ.

ನಮ್ಮ ಆಡಿಟರ್‌ಗೆ ಫೋನ್ ಮಾಡಿದೆ. ಅವರು ಸಮಾಧಾನವಾಗಿ ಮೂರು ಪ್ರಶ್ನೆ ಕೇಳಿದರು. ಕ್ರಯಪತ್ರದಲ್ಲಿ ನಿಮ್ಮ ಹೆಸರಿದೆಯಾ? ಸಾಲದ ಪತ್ರದಲ್ಲಿ ಇದೆಯಾ? ದುಡ್ಡು ಕಟ್ಟುತ್ತಿದ್ದೀರಾ? ಮೂರಕ್ಕೂ ಹೌದು ಅಂದೆ. "ಹಾಗಾದ್ರೆ ನಿಮ್ಮ ಕ್ಲೇಮಿಗೆ ಏನೂ ಅಡ್ಡಿ ಇಲ್ಲಮ್ಮ" ಅಂದರು. ಈ ಮೂರೂ ಇರಲೇಬೇಕಂತೆ. ಮನೆಯಲ್ಲಿ ಪಾಲಿಲ್ಲದೆ ಬರೀ ಸಾಲಕ್ಕೆ ಸಹಿ ಹಾಕಿದವರಿಗೆ ವಿನಾಯಿತಿ ಇಲ್ಲ. ಪಾಲಿದ್ದೂ ಸಾಲದಲ್ಲಿ ಹೆಸರಿಲ್ಲದಿದ್ದರೆ ಆಗಲೂ ಕಷ್ಟ. ಎಷ್ಟೋ ಮನೆಗಳಲ್ಲಿ ಬ್ಯಾಂಕಿನವರು ಜಾಸ್ತಿ ಸಾಲ ಕೊಡಲಿ ಅಂತ ಹೆಂಡತಿಯ ಸಂಬಳ ತೋರಿಸಿ, ಸಾಲಕ್ಕೆ ಅವಳ ಸಹಿ ಹಾಕಿಸಿ, ರಿಜಿಸ್ಟ್ರೇಷನ್ ಮಾತ್ರ ಗಂಡನೊಬ್ಬನ ಹೆಸರಲ್ಲಿ ಮಾಡಿಸುತ್ತಾರೆ. ಆ ಹೆಣ್ಣುಮಗಳಿಗೆ ಸಾಲದ ಹೊಣೆ ಪೂರ್ತಿ ಇರುತ್ತದೆ, ಮನೆಯೂ ಇಲ್ಲ, ವಿನಾಯಿತಿಯೂ ಇಲ್ಲ. ಇದನ್ನು ಯೋಚಿಸಿದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಮಧ್ಯಾಹ್ನ ಊಟ ಬಿಟ್ಟು ಬ್ಯಾಂಕಿಗೆ ಹೋದೆ. ಬಡ್ಡಿಯನ್ನು ಇಬ್ಬರಿಗೆ ಹಂಚಿ ಬೇರೆ ಬೇರೆ ಸರ್ಟಿಫಿಕೇಟು ಕೊಡಿ ಅಂತ ಕೇಳಿದೆ. ಅದು ಸಾಧ್ಯ ಇಲ್ಲ, ಒಂದು ಸಾಲಕ್ಕೆ ಒಂದೇ ಸರ್ಟಿಫಿಕೇಟು ಅಂದರು. ಆದರೆ ಅಲ್ಲಿದ್ದ ಮಹಿಳಾ ಆಫೀಸರ್ ನನ್ನ ಕಷ್ಟ ಅರ್ಥ ಮಾಡಿಕೊಂಡರು. ಇಬ್ಬರ ಹೆಸರೂ ಇರುವ ಸಾಲ ಮಂಜೂರಾತಿ ಪತ್ರದ ಪ್ರತಿ ಮತ್ತು ಲೋನ್ ಸ್ಟೇಟ್‌ಮೆಂಟ್ ತೆಗೆದು ಸೀಲ್ ಹಾಕಿ ಕೊಟ್ಟರು. ಅವರಿಗೆ ಇವತ್ತಿಗೂ ಮನಸ್ಸಲ್ಲೇ ಥ್ಯಾಂಕ್ಸ್ ಹೇಳುತ್ತೇನೆ.

ಅದರ ಜೊತೆ ಕ್ರಯಪತ್ರದಲ್ಲಿ ಪಾಲು ಬರೆದಿರುವ ಪುಟ, ನನ್ನ ಅಕೌಂಟಿನಿಂದ ಪ್ರತಿ ತಿಂಗಳು ಹಣ ಹೋಗಿರುವ ಸ್ಟೇಟ್‌ಮೆಂಟ್, ಬಡ್ಡಿಯನ್ನು ಅರ್ಧರ್ಧ ಮಾತ್ರ ತೋರಿಸುತ್ತೇವೆ ಅಂತ ಇಬ್ಬರೂ ಸಹಿ ಹಾಕಿದ ಒಂದು ಪತ್ರ ಎಲ್ಲ ಸೇರಿಸಿದೆ. ನಮ್ಮವರು ತಮ್ಮ ಆಫೀಸಿನಿಂದಲೇ ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸಿದರು. ಸಂಜೆ ಮತ್ತೆ ಅಕೌಂಟ್ಸ್‌ಗೆ ಹೋಗಿ ಕೊಟ್ಟೆ. ಮುಖ್ಯಸ್ಥರು ಒಂದೊಂದನ್ನೂ ನೋಡಿದರು. ನಾನು ಹೇಳುತ್ತಿರುವುದು ಸರಿ ಅಂತಲೂ ಒಪ್ಪಿದರು. ಆದರೆ ಯಾರ ಅಕೌಂಟಿನಿಂದ ಇಎಂಐ ಹೋಗುತ್ತದೋ ಅವರಿಗೆ ಮಾತ್ರ ಅನ್ನುವುದು ಕಂಪನಿಯ ನಿಯಮ, ಬದಲಿಸುವುದು ತಮ್ಮ ಕೈಯಲ್ಲಿಲ್ಲ ಅಂದರು. ಫೆಬ್ರವರಿ ಮತ್ತು ಮಾರ್ಚ್ ಸಂಬಳದಲ್ಲಿ ತೆರಿಗೆ ಕಟ್ ಆಯಿತು. ಆ ಎರಡು ತಿಂಗಳು ಮನೆ ಖರ್ಚು ಬಿಗಿ ಹಿಡಿಯಬೇಕಾಯಿತು.

ಆದರೆ ಆಫೀಸಿನವರು ಇಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಆಫೀಸಿನವರು ಕೊಡುವ ಸಂಬಳ-ತೆರಿಗೆಯ ಪತ್ರದಲ್ಲಿ (ಆಗ ಅದು ಫಾರಂ 16) ಬಡ್ಡಿ ಕಾಣದಿದ್ದರೂ ರಿಟರ್ನ್ಸ್ ಫೈಲ್ ಮಾಡುವಾಗ ತೋರಿಸಬಹುದು. ಆಡಿಟರ್ ಐಟಿಆರ್-2 ಅನ್ನುವ ರಿಟರ್ನ್ಸ್ ಫಾರಂ ತುಂಬಿದರು. ಅದರಲ್ಲಿ ಮನೆಗೆ ಸಹ ಮಾಲೀಕರು ಇದ್ದಾರಾ, ಅವರ ಹೆಸರೇನು, ಪ್ಯಾನ್ ನಂಬರ್ ಏನು, ನಿಮ್ಮ ಪಾಲು ಎಷ್ಟು ಪರ್ಸೆಂಟ್ ಅಂತ ಕೇಳುವ ಜಾಗಗಳೇ ಇವೆ. ನನ್ನ ಪಾಲು 50 ಅಂತ ತುಂಬುವಾಗ ಪಕ್ಕದಲ್ಲೇ ಕೂತು ನೋಡಿದೆ. ಕಾಗದ ಯಾವುದನ್ನೂ ರಿಟರ್ನ್ಸ್ ಜೊತೆ ಲಗತ್ತಿಸಬೇಕಿಲ್ಲ, ಮುಂದೆ ನೋಟಿಸ್ ಬಂದರೆ ತೋರಿಸಲು ಇಟ್ಟುಕೊಂಡಿರಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಂಬಳದವರು ಹಳೇ ಪದ್ಧತಿ ಬೇಕು ಅಂದರೆ ಕೊನೇ ದಿನಾಂಕದ ಒಳಗೇ ಫೈಲ್ ಮಾಡಬೇಕು. ತಡ ಮಾಡಿದರೆ ಹೊಸ ಪದ್ಧತಿಯೇ ಗಟ್ಟಿ, ಅದರಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ನಾವು ಜೂನ್‌ನಲ್ಲೇ ಮುಗಿಸಿದೆವು. ಕಟ್ ಆಗಿದ್ದ 37,440 ರೂಪಾಯಿ ನನ್ನ ಅಕೌಂಟಿಗೆ ಬಂತು, ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಸಮೇತ. ನಮ್ಮವರಿಗೆ ಮೆಸೇಜ್ ತೋರಿಸಿದೆ. ಇಬ್ಬರಿಗೂ ಖುಷಿಯೋ ಖುಷಿ.

2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಹಾಗಾಗಿ ನನ್ನಷ್ಟು ಸಂಬಳದವರಿಗೆ ಬಡ್ಡಿ ತೋರಿಸುವ ಅಗತ್ಯವೂ ಕಡಿಮೆಯಾಗಿದೆ. ಜಾಸ್ತಿ ಸಂಬಳದವರು ಎರಡೂ ಕಡೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಮನೆ ಬಾಡಿಗೆಗೆ ಕೊಟ್ಟಿದ್ದರೆ ಹೊಸ ಪದ್ಧತಿಯಲ್ಲೂ ಬಾಡಿಗೆ ಆದಾಯದಲ್ಲಿ ಬಡ್ಡಿ ಕಳೆಯಬಹುದು, ಅಲ್ಲಿಯೂ ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಪಾಲಿನ ಪ್ರಕಾರವೇ ಹಂಚಬೇಕು.

ಈಚೆಗೆ ನನ್ನ ನಾದಿನಿ ಮತ್ತು ಅವಳ ಗಂಡ ಫ್ಲ್ಯಾಟ್ ತೆಗೆದುಕೊಂಡರು. ಕ್ರಯಪತ್ರದ ಕರಡು ಬಂದಾಗ ನನಗೂ ಕೊಡು ಅಂತ ಕೇಳಿ ಪೂರ್ತಿ ಓದಿದೆ. ಇಬ್ಬರ ಹೆಸರೂ ಇತ್ತು, ಪಾಲು ಎಷ್ಟು ಅಂತ ಎಲ್ಲೂ ಇರಲಿಲ್ಲ. ಅವಳು ಹಾಕುತ್ತಿದ್ದ ದುಡ್ಡು ಶೇಕಡಾ 60. ವಕೀಲರಿಗೆ ಹೇಳಿ ಅದನ್ನೇ ಸೇರಿಸಿಸಿದೆವು. ಕಂತು ಕಟ್ಟುವುದಕ್ಕೆ ಅಂತಲೇ ಇಬ್ಬರ ಹೆಸರಲ್ಲೂ ಒಂದು ಜಾಯಿಂಟ್ ಅಕೌಂಟ್ ಮಾಡಿಸಿದೆವು. ಈ ಸಲ ಅವಳು ಸಾಲದ ಅರ್ಜಿಯಲ್ಲಿ ಮೊದಲನೇ ಹೆಸರು.